ದಾರ ಹಾಕದ ಅಚ್ಚು

ಅವಳ ಎರಡೂ ಕೈ ಸೇರಿ ಉಳಿದಿರುವ ಬೆರಳು ಎರಡೇ. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳು. ಆ ಎರಡರ ಸಂದಿಗೆ ಬಟ್ಟೆ ಸಿಕ್ಕಿಸಿಕೊಂಡು ದಿನಾ ಬೆಳಿಗ್ಗೆ ಅವಳು ಒಂದು ಜೊತೆ ಕಂಚಿನ ಕೈಗಳನ್ನು ಒರೆಸುತ್ತಾಳೆ. ಅವಕ್ಕೆ ಹತ್ತೂ ಬೆರಳಿವೆ. ಆ ಕೈಗಳು ಅವಳವೇ.

ಒಗಟಲ್ಲ ಇದು. ಕಲಾಭವನದ ನಡುಹಜಾರದಲ್ಲಿ ಕಪ್ಪು ಕಲ್ಲಿನ ಪೀಠದ ಮೇಲೆ ಆ ಕೈಗಳಿವೆ. ಮೊಣಕೈಯಿಂದ ಮುಂದೆ ಮಾತ್ರ. ಬೆರಳು ಅರ್ಧ ಮಡಚಿ, ಏನನ್ನೋ ಹಿಡಿಯಲು ಹೋಗಿ ಸಿಗದೆ ನಿಂತಂತೆ. ಶಿಲ್ಪದ ಹೆಸರು ‘ಮೊರೆ’. ಮಾಡಿದವನು ದೊಡ್ಡ ಮೇಷ್ಟ್ರು. ಸತ್ತು ಹದಿನೈದು ವರ್ಷವಾದರೂ ಎಲ್ಲರೂ ‘ಅವರು’ ಎನ್ನುತ್ತಾರೆ. ಈ ಕಥೆಯಲ್ಲಿ ಅವನು ‘ಅವನು’. ಗೈಡು ಬಂದವರ ಮುಂದೆ ಗಿಳಿಯ ಹಾಗೆ ಒಪ್ಪಿಸುತ್ತಾನೆ: ಮಣಿಕಟ್ಟಿನ ಈ ನರ ನೋಡಿ, ಗೆಣ್ಣುಗಳ ಈ ಬಿಗಿತ ನೋಡಿ, ಜೀವವೇ ಇಲ್ಲಿ ನಿಂತುಬಿಟ್ಟಿದೆ, ಇಂಥದ್ದು ಜಗತ್ತಿನಲ್ಲಿ ಇನ್ನೊಂದಿಲ್ಲ. ಜನ ಕಣ್ಣರಳಿಸುತ್ತಾರೆ. ಕೆಲವರು ಅಳುತ್ತಾರೆ ಕೂಡ. ಅತ್ತವರು ಮೂಗೊರೆಸಿ ಬಿಸಾಡಿದ ಕಾಗದವನ್ನು ಅವಳೇ ಬಾಚಿ ಡಬ್ಬಿಗೆ ಹಾಕುತ್ತಾಳೆ.

ಕೆಲಸದವರೆಲ್ಲ ಅವಳನ್ನು ಮೊಂಡಕ್ಕ ಎನ್ನುತ್ತಾರೆ. ಕೈ ಮೊಂಡಾಗಿದ್ದಕ್ಕೆ ಅರ್ಧ, ಹಟಕ್ಕೆ ಅರ್ಧ. ನೆಲ ಒರೆಸುವ ಕೋಲನ್ನು ಬಲ ಮುಂಗೈಗೆ ಚರ್ಮದ ಪಟ್ಟಿಯಿಂದ ಬಿಗಿದುಕೊಳ್ಳುತ್ತಾಳೆ. ಪಟ್ಟಿಯನ್ನು ಹಲ್ಲಿನಿಂದ ಎಳೆಯುತ್ತಾಳೆ. ಅದು ಉಜ್ಜಿ ಉಜ್ಜಿ ಅಲ್ಲಿನ ಚರ್ಮ ಕಪ್ಪಗಾಗಿದೆ. ಫಿನಾಯಿಲ್ ತಾಗಿದರೆ ಮೊಂಡುಗಳು ಬಿರಿಯುತ್ತವೆ. ತುಂಬಿದ ಬಕೆಟ್ಟನ್ನು ಮೊಣಕೈ ಸಂದಿಗೆ ಸಿಕ್ಕಿಸಿ ಎತ್ತುತ್ತಾಳೆ. ಹಜಾರ ನಾಲ್ಕು, ಕಕ್ಕಸು ಆರು, ಮೆಟ್ಟಿಲು ಅರವತ್ತೆರಡು. ಕೈ ಹೋದವಳಿಗೆ ಕೈಯಿಂದಲೇ ಮಾಡುವ ಕೆಲಸ. ದೊಡ್ಡ ಮೇಷ್ಟ್ರೇ ಕೊಡಿಸಿದ್ದು. ಅದನ್ನು ಅವನ ದೊಡ್ಡ ಮನಸ್ಸು ಎಂದು ಅವನ ಜೀವನಚರಿತ್ರೆಯಲ್ಲಿ ಬರೆದಿದ್ದಾರೆ.

ಮೂವತ್ತೆರಡು ವರ್ಷದ ಹಿಂದೆ ಅವಳಿಗೆ ಹತ್ತೊಂಬತ್ತು. ಅಪ್ಪ ಅಮ್ಮ ಹೋದ ಮೇಲೆ ಅಣ್ಣನೇ ಸಾಕಿದವನು. ಅಣ್ಣ ದೊಡ್ಡ ಮೇಷ್ಟ್ರ ಕಾರ್ಯಶಾಲೆಯಲ್ಲಿ ಅಚ್ಚಿನ ಕೆಲಸದವನು. ಜೀವಂತ ಮೈಯಿಂದ ಅಚ್ಚು ತೆಗೆಯುವುದರಲ್ಲಿ ಅವನನ್ನು ಬಿಟ್ಟರಿಲ್ಲ. ಆ ಕಸುಬಿನ ಮೊದಲ ಪಾಠ ಒಂದೇ: ಮೊದಲು ದಾರ, ಆಮೇಲೆ ಪ್ಲಾಸ್ಟರ್. ಚರ್ಮಕ್ಕೆ ಎಣ್ಣೆ ಸವರಿ, ಕೈಯುದ್ದಕ್ಕೂ ಗಟ್ಟಿ ದಾರ ಇಡಬೇಕು. ಅದರ ಮೇಲೆ ಪ್ಲಾಸ್ಟರ್ ಸುರಿಯಬೇಕು. ಪ್ಲಾಸ್ಟರ್ ಗಟ್ಟಿ ಮೊಸರಿನ ಹದಕ್ಕೆ ಬಂದಾಗ ದಾರ ಎಳೆದರೆ ಅಚ್ಚು ಎರಡು ಹೋಳಾಗಿ ಬಿಡಿಸಿಕೊಳ್ಳುತ್ತದೆ, ಹೋಳು ಸೇರುವಲ್ಲಿ ಒಂದು ಸಣ್ಣ ಗೆರೆ ಉಳಿಯುತ್ತದೆ. ಯಾಕೆಂದರೆ ಪ್ಲಾಸ್ಟರ್ ಬಿಗಿಯುವಾಗ ಕಾಯುತ್ತದೆ. ದಪ್ಪ ಇದ್ದಷ್ಟೂ ಕಾಯುತ್ತದೆ. ಹೊರಗಿನಿಂದ ನೋಡಿದರೆ ಬಿಳಿ ಹಿಟ್ಟು, ಒಳಗೆ ಒಲೆ. ಅದು ಕಾಯುವ ಮೊದಲು ಕೈ ಹೊರಗೆ ಬರಬೇಕು. ಇದೆಲ್ಲ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಣ್ಣನ ಹಿಂದೆ ಮುಂದೆ ಸುತ್ತುತ್ತ ಆ ಕಾರ್ಯಶಾಲೆಯಲ್ಲೇ ಬೆಳೆದವಳು. ದಾರಕ್ಕೆ ಮೇಣ ಹಚ್ಚಿ ಕೊಡುತ್ತಿದ್ದವಳು ಅವಳೇ.

ಅವತ್ತು ಬೆಳಿಗ್ಗೆ ಮೊದಲನೇ ಅಚ್ಚನ್ನು ಕ್ರಮವಾಗಿಯೇ ತೆಗೆದರು. ದಾರ ಹಾಕಿದ್ದರು. ಚಳಿಯಲ್ಲಿ ಪ್ಲಾಸ್ಟರಿನ ಬಿಸುಪು ಹಿತವಾಗಿ ಅವಳಿಗೆ ತೂಕಡಿಕೆ ಬಂತು. ಮೇಷ್ಟ್ರು ಅಚ್ಚಿನೊಳಗೆ ಇಣುಕಿದ. ಇವು ಸತ್ತ ಕೈ, ನಿದ್ದೆ ಮಾಡುತ್ತಿವೆ, ನನಗೆ ಇವು ಬೇಡ ಎಂದ.

ಆಮೇಲೆ ಮರದ ಪೆಟ್ಟಿಗೆ ತರಿಸಿದ. ಅವಳ ಕೈಗಳನ್ನು ಮೊಣಕೈವರೆಗೆ ಅದರೊಳಗೆ ಇಡಿಸಿದ. ಬಿಸಿನೀರಿಗೆ ಉಪ್ಪು ಹಾಕಿ ಪ್ಲಾಸ್ಟರ್ ಕಲಸಲು ಹೇಳಿದ. ಉಪ್ಪು, ಬಿಸಿನೀರು ಎರಡೂ ಸೇರಿದರೆ ಅದು ಬೇಗ ಬಿಗಿಯುತ್ತದೆ. ಅಣ್ಣ ದಾರದ ಉಂಡೆ ಹಿಡಿದು ಬಂದ. ಮೇಷ್ಟ್ರು ಅದನ್ನು ಅವನ ಕೈಯಿಂದ ತೆಗೆದು ಕಿಟಕಿಯ ಮೇಲಿಟ್ಟ.

"ದಾರ ಬೇಡ. ಗೆರೆ ಬೀಳುತ್ತೆ."

ಅವಳು ಕೇಳಿಸಿಕೊಂಡಳು. ಅಣ್ಣನ ಮುಖ ನೋಡಿದಳು. ಅಣ್ಣ ನೆಲ ನೋಡಿದ. ನೆಲ ನೋಡುತ್ತಲೇ ಸುರಿದ.

ದಾರ ಇಲ್ಲ ಎಂದು ಗೊತ್ತಾದ ಹುಡುಗಿಯ ಕೈ ಹೇಗೆ ಸೆಟೆಯಬೇಕೋ ಹಾಗೆ ಸೆಟೆಯಿತು. ಮೇಷ್ಟ್ರಿಗೆ ಬೇಕಾಗಿದ್ದದ್ದು ಅದೇ. ಪ್ಲಾಸ್ಟರ್ ಅದನ್ನೇ ಹಿಡಿಯಿತು. ಗೈಡು ಬಾಯಿಪಾಠ ಮಾಡಿರುವ ಆ ನರ, ಆ ಬಿಗಿತ, ಆ ಜೀವ, ಎಲ್ಲ ಅದು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರಿದ್ದಾರೆ ಎನ್ನುತ್ತಾರಲ್ಲ, ಇವನು ಆಳ ನೋಡಿ ಅದಕ್ಕೊಂದು ಹೆಸರೂ ಇಟ್ಟ.

ಕಾವು ಏರಿದಾಗ ಅವಳು ಕೈ ಎಳೆದಳು. ಬರಲಿಲ್ಲ. ಪೆಟ್ಟಿಗೆ ಸಮೇತ ಎದ್ದು ನಿಂತಳು, ಪೆಟ್ಟಿಗೆಯ ಭಾರಕ್ಕೆ ಬಿದ್ದಳು. ಅಣ್ಣ ಉಳಿ ಸುತ್ತಿಗೆ ತಂದ. ಮೇಷ್ಟ್ರು ಅವನ ಪಕ್ಕದಲ್ಲಿ ಮಂಡಿಯೂರಿ ಕೂತು, ಮೆಲ್ಲಗೆ, ಮೆಲ್ಲಗೆ, ಅಚ್ಚು ಒಡೆಯಬಾರದು ಎನ್ನುತ್ತಲೇ ಇದ್ದ. ಅಣ್ಣ ಮೆಲ್ಲಗೆ ಕೆತ್ತಿದ. ಅಂಚಿನಿಂದ ಅಂಚಿಗೆ, ಚಕ್ಕೆ ಚಕ್ಕೆಯಾಗಿ, ಮುಕ್ಕಾಲು ಗಂಟೆ. ಅವಳು ಮೊದಲ ಹತ್ತು ನಿಮಿಷ ಕೂಗಿದಳು. ಆಮೇಲೆ ಕೂಗಲಿಲ್ಲ. ಅಚ್ಚು ಎರಡೇ ಹೋಳಾಗಿ ಬಂತು, ಒಂದು ಬಿರುಕಿಲ್ಲ. ಎಂಟು ಬೆರಳನ್ನು ಆಸ್ಪತ್ರೆಯಲ್ಲಿ ತೆಗೆದರು.

ಕೇಳಿದವರಿಗೆಲ್ಲ ಮೇಷ್ಟ್ರು ಒಂದೇ ಮಾತು ಹೇಳಿದ: ದಾರ ಹಾಕಿದ್ದೆವು, ಹುಡುಗಿ ಕೈ ಅಲುಗಿಸಿದಳು, ದಾರ ಹರಿಯಿತು. ಅಣ್ಣ ಹೌದು ಎಂದ. ಪುಸ್ತಕದಲ್ಲೂ ಹಾಗೇ ಅಚ್ಚಾಯಿತು. ಹಾಗಾಗಿ ಮೂವತ್ತೆರಡು ವರ್ಷದಿಂದ ಅವಳ ಬೆರಳು ಹೋದದ್ದು ಅವಳದೇ ತಪ್ಪಿಗೆ.

ಅವಳು ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಬಹುದು. ಬಿಡಲು ಬಾಯಿಯಾದರೂ ಬಿಡುವಾಗಿರಬೇಕಲ್ಲ. ಮೊದಲ ಎರಡು ವರ್ಷ ಆ ಬಾಯಿಗೆ ತುತ್ತು ಮಾಡಿ ಇಟ್ಟವನು ಅಣ್ಣ. ತಲೆ ಬಾಚಿದವನು ಅಣ್ಣ. ಬಚ್ಚಲಿಗೆ ಕರೆದುಕೊಂಡು ಹೋದವನು ಅಣ್ಣ. ಮದುವೆಯೂ ಆಗದೆ ಅವಳ ಜೊತೆಗೇ ಮುದುಕನಾದ. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ಅವಳು ಎಣಿಸಲಿಲ್ಲ, ಅಷ್ಟೆ. ಎಣಿಸಲು ಬೆರಳೂ ಇರಲಿಲ್ಲ ಎಂದು ತಾನೇ ತಮಾಷೆ ಮಾಡುತ್ತಿದ್ದಳು.

ಈ ವರ್ಷ ಮಾತು ಬೇರೆ ಕಡೆಯಿಂದ ಎದ್ದಿತು. ಮೇಷ್ಟ್ರ ಹಳೆಯ ವಿದ್ಯಾರ್ಥಿನಿಯರಿಬ್ಬರು ಪತ್ರಿಕೆಯಲ್ಲಿ ಬರೆದರು. ಬಾಗಿಲು ಹಾಕಿಕೊಂಡು ಅವನು ಏನೇನು ಮಾಡುತ್ತಿದ್ದ, ಯಾರು ಯಾರು ಓದು ಬಿಟ್ಟು ಓಡಿದರು, ಅವನ ಹೆಂಡತಿಯ ಒಂದು ಕಿವಿ ಯಾಕೆ ಕೇಳುತ್ತಿರಲಿಲ್ಲ, ಎಲ್ಲ. ಊರೆಲ್ಲ ಗುಲ್ಲು. ಕಲಾಭವನದ ಮುಖ್ಯಸ್ಥೆಗೆ, ಎಲ್ಲರೂ ಮೇಡಂ ಎನ್ನುವ ಆಕೆಗೆ, ಹಾವೂ ಸಾಯಬಾರದು ಕೋಲೂ ಮುರಿಯಬಾರದು. ಒಂದು ವಿಚಾರಗೋಷ್ಠಿ ಇಟ್ಟರು. ಹೆಸರು ‘ಕೃತಿ ಬೇರೆ, ಬದುಕು ಬೇರೆ’.

ಆ ಬ್ಯಾನರು ಕಟ್ಟುವಾಗ ಏಣಿಗೆ ಭುಜ ಕೊಟ್ಟು ನಿಂತವಳು ಮೊಂಡಕ್ಕ. ಕಟ್ಟಿ ಮುಗಿದ ಮೇಲೆ ನೇರ ಮೇಡಂ ಕೋಣೆಗೆ ಹೋದಳು. ತನಗೆ ಏನೂ ಬೇಡ, ‘ಮೊರೆ’ಯ ಕೆಳಗಿನ ಫಲಕದಲ್ಲಿ ಎರಡು ಸಾಲು ಸೇರಿಸಿ ಎಂದಳು. ಸಾಲುಗಳನ್ನು ಮನಸ್ಸಿನಲ್ಲೇ ಬರೆದಿಟ್ಟುಕೊಂಡಿದ್ದಳು. ಈ ಕೈಗಳು ಕಾರ್ಯಶಾಲೆಯ ಹುಡುಗಿಯೊಬ್ಬಳವು. ದಾರ ಹಾಕದೆ ಅಚ್ಚು ತೆಗೆದು ಅವಳ ಎಂಟು ಬೆರಳು ಸುಟ್ಟರು. ತನ್ನ ಹೆಸರು ಬೇಡ ಎಂದಳು.

ಮೇಡಂ ಕುರ್ಚಿ ತೋರಿಸಿದರು. ನೀರು ತರಿಸಿದರು. ಒಳ್ಳೆಯ ಹೆಂಗಸೇ. ಆ ನೋವು ತಮಗೆ ಅರ್ಥವಾಗುತ್ತದೆ ಎಂದರು. ಆದರೆ ಫಲಕದ ಮೇಲೆ ಹಾಕಬೇಕಾದರೆ ಸಾಕ್ಷಿ ಬೇಕು, ಪುಸ್ತಕದಲ್ಲಿ ಬೇರೆ ಥರ ಇದೆ ಎಂದರು. ಅಲ್ಲದೆ ಮನುಷ್ಯ ಏನೇ ಇರಲಿ, ಕೃತಿಯನ್ನು ಅವನಿಂದ ಬೇರೆ ಮಾಡಿ ನೋಡುವುದೇ ನಾಗರಿಕತೆ ಅಲ್ಲವೇನಮ್ಮಾ ಎಂದರು.

"ಮೇಡಂ, ನನ್ನ ಕೈನ ಅದರಿಂದ ಬೇರೆ ಮಾಡೋಕೆ ಮುಕ್ಕಾಲು ಗಂಟೆ ಹಿಡೀತು. ಆಗಲೂ ಪೂರ್ತಿ ಬರಲಿಲ್ಲ. ನೀವು ಕೂತಲ್ಲೇ ಬೇರೆ ಮಾಡ್ತಿದ್ದೀರ."

ನಿಮ್ಮ ಅಣ್ಣ ಇದ್ದಾರಲ್ಲ ಎಂದರು ಮೇಡಂ. ಗೋಷ್ಠಿಗೆ ಅವರನ್ನೂ ಕರೆದಿದ್ದೇವೆ, ಕಣ್ಣಾರೆ ಕಂಡವರು ಅವರೊಬ್ಬರೇ, ಅವರು ದಾರ ಹಾಕಿರಲಿಲ್ಲ ಎಂದು ಹೇಳಲಿ, ಮಾರನೇ ದಿನವೇ ಫಲಕ ಬದಲಾಯಿಸುತ್ತೇನೆ.

ಅಷ್ಟಕ್ಕೆ ಬಂದು ನಿಂತಿತು. ಒಂದು ಬಾಯಿ, ಎರಡು ಪದ. ಅಣ್ಣ ಈಗ ಕಲಾಭವನದಲ್ಲೇ ಮಕ್ಕಳಿಗೆ ಅಚ್ಚಿನ ಕೆಲಸ ಹೇಳಿಕೊಡುತ್ತಿದ್ದ. ಸಂಜೆ ಅವನು ಮನೆಗೆ ಬಂದಾಗ ಅವಳು ಕೇಳಿದಳು. ಬೇಡಿಕೊಂಡಳು ಎಂದರೂ ಸರಿ. ಅಣ್ಣ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ನೋಡೋಣ ಎಂದ.

ಗೋಷ್ಠಿಯಲ್ಲಿ ಮೂವರು ಮಾತಾಡಿದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮೂವರೂ ಬದುಕನ್ನು ಎಳೆದು ಆಚೆ ಹಾಕಿದರು. ಹೂವಿನ ಪರಿಮಳ ಬೇಕಾದವರು ಗೊಬ್ಬರ ಮೂಸುತ್ತಾರೆಯೇ ಎಂದು ಒಬ್ಬ ಕೇಳಿದ. ಚಪ್ಪಾಳೆ ಬಿತ್ತು. ಗೊಬ್ಬರ ಹಿಂದಿನ ಬಾಗಿಲ ಹತ್ತಿರ ಕೋಲು ಹಿಡಿದುಕೊಂಡು ನಿಂತಿತ್ತು.

ಕೊನೆಗೆ ಮೇಡಂ ಅಣ್ಣನನ್ನು ಕರೆದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದ. ಅವತ್ತು ದಾರ ಹಾಕಿದ್ದಿರಾ ಎಂದು ಮೇಡಂ ನೇರವಾಗಿಯೇ ಕೇಳಿದರು, ಆ ಮಟ್ಟಿಗೆ ಆಕೆ ಮಾತಿಗೆ ತಪ್ಪಲಿಲ್ಲ. ಅಣ್ಣ ಸಭೆ ನೋಡಿದ. ಹಿಂದಿನ ಬಾಗಿಲು ನೋಡಿದ. ಅಲ್ಲಿಂದ ಕಣ್ಣು ತೆಗೆದ.

"ಹಾಕಿದ್ದೆ. ಅವಳೇ ಅಲುಗಿಸಿದ್ದು. ಹರೀತು."

ಅದಕ್ಕೂ ಚಪ್ಪಾಳೆ ಬಿತ್ತು. ಸಭೆ ಮುಗಿದ ಮೇಲೆ ಅವಳು ಕುರ್ಚಿಗಳ ಅಡಿಯಿಂದ ನೀರಿನ ಬಾಟಲಿ ಹೆಕ್ಕಿದಳು. ಇನ್ನೂರ ಹತ್ತು ಕುರ್ಚಿ. ಬಗ್ಗಿ ಬಗ್ಗಿ ಸೊಂಟ ಬಿದ್ದು ಹೋಯಿತು.

ಮನೆಯಲ್ಲಿ ಅಣ್ಣ ತಟ್ಟೆ ಇಟ್ಟ. ಅವಳು ಮುಟ್ಟಲಿಲ್ಲ. ಯಾಕಣ್ಣ ಎಂದು ಒಂದೇ ಸಲ ಕೇಳಿದಳು. ಅವನು ಒಲೆಯ ಕಡೆ ಮುಖ ತಿರುಗಿಸಿದ.

"ನಲವತ್ತು ವರ್ಷದಿಂದ ಮೊದಲು ದಾರ, ಮೊದಲು ದಾರ ಅಂತ ಹೇಳ್ಕೊಟ್ಕೊಂಡು ಬಂದೋನು ಕಣೇ ನಾನು. ಈಗ ಹಾಕಿರಲಿಲ್ಲ ಅಂದ್ರೆ, ಆಮೇಲೆ ನಾನು ಯಾರು?"

"ನಾನು ಯಾರು ಅಂತ ಯಾವತ್ತಾದ್ರೂ ಕೇಳಿದ್ಯಾ?"

ಹಸಿವಾದವನು ಉಂಡ. ಅವಳು ಮಲಗಿದಳು.

ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ದೊಡ್ಡವರಿಗೆ ಬಡವರನ್ನು ಸುಮ್ಮನೆ ಬಿಟ್ಟು ಗೊತ್ತಿಲ್ಲ. ದೊಡ್ಡ ಮೇಷ್ಟ್ರ ಶಿಷ್ಯನೊಬ್ಬನಿದ್ದ. ಈಗ ಅವನೂ ದೊಡ್ಡ ಹೆಸರಿನವನು. ಗೋಷ್ಠಿಯ ದಿನ ಬಾಗಿಲ ಹತ್ತಿರ ನಿಂತಿದ್ದ ಮೊಂಡುಗೈಗಳನ್ನು ಅವನು ನೋಡಿದ್ದ. ಅವನಿಗೆ ನಿದ್ದೆಯೇ ಬರಲಿಲ್ಲವಂತೆ. ಮೇಡಂ ಹತ್ತಿರ ಒಂದು ಯೋಚನೆ ಇಟ್ಟ: ಈಗ ಅವಳ ಕೈ ಹೇಗಿವೆಯೋ ಹಾಗೇ ಅಚ್ಚು ತೆಗೆದು, ಕಂಚಿನಲ್ಲಿ ಎರಕ ಹೊಯ್ದು, ‘ಮೊರೆ’ಯ ಎದುರಿಗೆ ಇಡುವುದು. ಹೆಸರು ‘ಉತ್ತರ’. ಮೇಡಂ ಕಣ್ಣಲ್ಲಿ ನೀರು ಬಂತು. ಇದೇ ನ್ಯಾಯ ಎಂದರು.

ಅವಳನ್ನು ಕರೆಸಿ ಹೇಳಿದಾಗ ಅವಳು ಕೇಳಿದ್ದು ಒಂದೇ, ಆ ಎರಡು ಸಾಲು ಹಾಕುತ್ತೀರಾ ಎಂದು. ಶಿಷ್ಯ ನಕ್ಕ. ಸಾಲಿಗಿಂತ ಇದು ದೊಡ್ಡದಮ್ಮಾ, ನೋಡಿದವರಿಗೆ ತಾನೇ ತಿಳಿಯುತ್ತದೆ ಎಂದ. ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಹೊರಗೆ ಸೂಪರ್‌ವೈಸರ್ ಅವಳನ್ನು ನಿಲ್ಲಿಸಿ, ತಕರಾರು ಮಾಡಿದರೆ ನಾಳೆಯಿಂದ ಬರಬೇಡ ಎಂದ. ಅಚ್ಚು ತೆಗೆಯುವ ಕೆಲಸ ಅಣ್ಣನಿಗೇ ವಹಿಸಿದರು.

ಗುರುವಾರ ಹನ್ನೊಂದು ಗಂಟೆಗೆ ನಡುಹಜಾರದಲ್ಲಿ, ‘ಮೊರೆ’ಯ ಮುಂದೆಯೇ ಎಲ್ಲ ಸಿದ್ಧವಾಯಿತು. ವಿದ್ಯಾರ್ಥಿಗಳು ನೆಲದ ಮೇಲೆ ಕೂತರು. ಫೋಟೋದವರು ಮುಂದೆ ಬಂದರು. ಮೇಜಿನ ಮೇಲೆ ಮರದ ಪೆಟ್ಟಿಗೆ, ಕೆಳಗೆ ಬಕೆಟ್ಟು. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಅಂಗಿಯ ತೋಳು ಮಡಚಿದರು. ಎಲ್ಲರೂ ಕತ್ತು ಚಾಚಿ ನೋಡಿದರು. ಒಬ್ಬಳು ಅಯ್ಯೋ ಎಂದಳು. ಇನ್ನೊಬ್ಬ ಪುಸ್ತಕ ತೆಗೆದು ಮೊಂಡುಗಳ ಚಿತ್ರ ಬರೆಯತೊಡಗಿದ. ಬಿಸಿನೀರು ಬೇಕೆಂದು ಶಿಷ್ಯ ಹೇಳಿದ, ಕಾರ್ಯಕ್ರಮ ಉದ್ದವಾಗಬಾರದು, ಉಪ್ಪೂ ಹಾಕಿ ಎಂದ.

ಅಣ್ಣ ಕಲಸಿದ ಪ್ಲಾಸ್ಟರನ್ನು ಪೆಟ್ಟಿಗೆಗೆ ಸುರಿದ. ಕೈ ಅದ್ದುವ ಮೊದಲು ಅದಕ್ಕೆ ಅಂಟಿಸಲು ದಾರದ ಉಂಡೆ ತೆಗೆದುಕೊಂಡು ಅವಳ ಹತ್ತಿರ ಬಗ್ಗಿದ. ಅವಳಿಗೆ ಮಾತ್ರ ಕೇಳುವ ಹಾಗೆ ಹೇಳಿದ.

"ಹೆದರಬೇಡ ಕಣೇ. ಈ ಸಲ ದಾರ ಹಾಕ್ತೀನಿ."

ಅದು ಅವಳು ಮೂವತ್ತೆರಡು ವರ್ಷ ಕಾದ ಮಾತು. ಬಂದದ್ದು ಕಿವಿಯಲ್ಲಿ, ಪಿಸುಗುಟ್ಟಿ.

"ಏನಂದೆ? ಈ ಸಲ ಅಂದ್ಯಾ? ಅದನ್ನೇ ಎದ್ದು ನಿಂತು ಹೇಳು."

ಅಣ್ಣ ದಾರ ಬಿಚ್ಚುವುದರಲ್ಲೇ ಮಗ್ನನಾದವನ ಹಾಗೆ ನಟಿಸಿದ. ಶಿಷ್ಯ ಬಂದು, ಕೈ ಕೊಡಿ ಅಮ್ಮ, ಬಿಗಿಯುತ್ತಿದೆ ಎಂದ. ಅವಳು ಎರಡೂ ಕೈಯನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು.

"ಕೊಡಲ್ಲ. ಎಂಟು ಕೊಟ್ಟಾಯ್ತು. ಉಳಿದಿರೋದು ನನ್ನವು."

ಮೇಡಂ ಮುಖ ಕೆಂಪಾಯಿತು. ಇಷ್ಟು ಜನ ಬಂದಿದ್ದಾರೆ, ನಿಮಗಾಗಿಯೇ ಮಾಡಿದ್ದು ಎಂದರು. ಸೂಪರ್‌ವೈಸರ್ ಬಂದು ಅವಳ ತೋಳು ಹಿಡಿದ. ಅವಳು ಕೊಡವಿದಳು. ಶಿಷ್ಯನಿಗೆ ಅವಳಿಗಿಂತ ಪೆಟ್ಟಿಗೆಯಲ್ಲಿ ಹಾಳಾಗುತ್ತಿದ್ದ ಪ್ಲಾಸ್ಟರಿನ ಚಿಂತೆ. ಆಗ ಮುಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದಳು. ಹತ್ತೊಂಬತ್ತೋ ಇಪ್ಪತ್ತೋ. ಕಣ್ಣು ಹೊಳೆಯುತ್ತಿತ್ತು. ನಾನು ಇಡುತ್ತೇನೆ ಸರ್, ‘ಮೊರೆ’ ನೋಡಿಯೇ ನಾನು ಕಲೆಗೆ ಬಂದವಳು, ನನ್ನ ಕೈ ತೆಗೆದುಕೊಳ್ಳಿ ಎಂದಳು. ಶಿಷ್ಯನ ಮುಖ ಅರಳಿತು. ತೋಳೇರಿಸು ಬಾ ಎಂದ. ಅಣ್ಣ ದಾರ ಹಿಡಿದು ಮುಂದೆ ಬಂದ. ಶಿಷ್ಯ ಅದನ್ನು ಅವನ ಕೈಯಿಂದ ತೆಗೆದ. ತೆಗೆದ ರೀತಿಯೂ ಗುರುವಿನದೇ.

"ದಾರ ಬೇಡ. ಗೆರೆ ಬೀಳುತ್ತೆ."

ಮೊಂಡಕ್ಕ ಕುರ್ಚಿಯಿಂದ ಎದ್ದಳು. ಹುಡುಗಿಗೂ ಅವಳಿಗೂ ನಡುವೆ ಮೇಜಿತ್ತು. ಹುಡುಗಿ ಎರಡೂ ಕೈಯನ್ನು ಪೆಟ್ಟಿಗೆಯ ಮೇಲೆ ತಂದಿದ್ದಳು. ಬೆರಳ ತುದಿ ಬಿಳಿಯನ್ನು ಮುಟ್ಟಿತ್ತು. ಅಷ್ಟರಲ್ಲಿ ಅಣ್ಣ ಕಾಲೆತ್ತಿ ಮೇಜನ್ನು ಒದ್ದ. ಎಪ್ಪತ್ತರ ಹತ್ತಿರದ ಮುದುಕ, ಆದರೂ ಮೇಜು ಪೆಟ್ಟಿಗೆ ಎರಡೂ ಉರುಳಿದವು. ಪ್ಲಾಸ್ಟರ್ ಹಜಾರದ ತುಂಬ ಹರಡಿತು.

"ಇಡಬೇಡ ಮಗಾ. ದಾರ ಇಲ್ಲ. ಕೈ ಹೋಗುತ್ತೆ. ಅವತ್ತೂ ಹಾಕಿರಲಿಲ್ಲ, ನಾನು ಹಾಕಿರಲಿಲ್ಲ."

ಹುಡುಗಿ ಹೆದರಿ ಅತ್ತಳು. ಯಾರೋ ಅವಳ ಬೆರಳು ಒರೆಸಿದರು. ಅಣ್ಣ ಉಸಿರು ಸಿಗದೆ ಪೀಠ ಹಿಡಿದು ನಿಂತ. ಅಳುತ್ತಿದ್ದ. ಸುತ್ತ ನಿಂತವರ ಕಣ್ಣಲ್ಲಿ ಅವನ ಬಗ್ಗೆ ಕನಿಕರ ಬಂತು. ಪಾಪ, ಎಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದರೋ ಎಂದು ಯಾರೋ ಅಂದರು. ಮೇಡಂ ಮೊಂಡಕ್ಕನ ಹತ್ತಿರ ಬಂದು, ಸಾಲು ಹಾಕಿಸುತ್ತೇನೆ, ನಾಳೆಯೇ ಹಾಕಿಸುತ್ತೇನೆ ಎಂದರು.

ಅವಳಿಗೆ ಅದು ಕೇಳಿಸಿತೋ ಇಲ್ಲವೋ. ಅವಳು ಅಣ್ಣನ ಕಾಲನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಅವಳು ತನಗೆ ತಾನೇ ಒಂದು ಸಮಾಧಾನ ಹೇಳಿಕೊಂಡಿದ್ದಳು. ದೊಡ್ಡ ಮೇಷ್ಟ್ರ ಎದುರು ಕೂಲಿಯವನು ಏನು ಮಾಡಿಯಾನು, ಅಣ್ಣನ ಕೈಯಲ್ಲಿ ಏನಿತ್ತು, ಅವನೂ ನನ್ನ ಹಾಗೇ ಪೆಟ್ಟಿಗೆಯೊಳಗೆ ಸಿಕ್ಕಿದವನು ಎಂದು. ಆ ಸಮಾಧಾನದ ಮೇಲೆ ಅವನ ಜೊತೆ ಒಂದೇ ಸೂರಿನಡಿ ಬದುಕಿದ್ದಳು. ಈಗ ಗೊತ್ತಾಯಿತು. ಒಂದು ಒದೆತ ಸಾಕಿತ್ತು. ಮೂವತ್ತೆರಡು ವರ್ಷದ ಹಿಂದೆ ಆ ಕಾಲಿಗೆ ಇನ್ನೂ ಹೆಚ್ಚು ಶಕ್ತಿ ಇತ್ತು. ಒಡಹುಟ್ಟಿದವಳಿಗೆ ಏಳದ ಕಾಲು ಹೆಸರು ಗೊತ್ತಿಲ್ಲದ ಹುಡುಗಿಗೆ ಎದ್ದಿತು.

ಅಣ್ಣ ಕೈ ಚಾಚಿ ಅವಳ ಕಡೆ ಬಂದ. ಹೇಳಿದೆನಲ್ಲ ಕಣೇ, ಎಲ್ಲರ ಮುಂದೆ ಹೇಳಿದೆನಲ್ಲ ಎನ್ನುತ್ತಿದ್ದ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

ಪ್ಲಾಸ್ಟರ್ ಬಿಗಿಯಲು ಶುರುವಾಗಿತ್ತು. ಬಿಗಿದರೆ ನೆಲದಿಂದ ಕೆರೆದು ತೆಗೆಯಲು ಎರಡು ದಿನ. ಸೂಪರ್‌ವೈಸರ್ ಓಡಿ ಹೋಗಿ ಒರೆಸುವ ಕೋಲು, ಚರ್ಮದ ಪಟ್ಟಿ, ಬಕೆಟ್ಟು ತಂದ. ಅಭ್ಯಾಸಬಲದಿಂದ ಅವಳ ಮುಂದೆಯೇ ಹಿಡಿದ. ಮೇಡಂ ಕೂಡ ಅಭ್ಯಾಸಬಲದಿಂದ ದಾರಿ ಬಿಟ್ಟು ಸರಿದು ನಿಂತರು. ಹಜಾರದಲ್ಲಿದ್ದ ಅಷ್ಟೂ ಜನ ಅವಳು ಬಗ್ಗುವುದನ್ನು ಕಾದರು.

"ಅವನಿಗೆ ಕೊಡಿ," ಎಂದಳು ಅವಳು ಅಣ್ಣನ ಕಡೆ ಗಲ್ಲ ತೋರಿಸಿ. "ಅವನಿಗೆ ಹತ್ತೂ ಬೆರಳಿವೆ."

ಮಡಚಿದ್ದ ಅಂಗಿಯ ತೋಳನ್ನು ಹಲ್ಲಿನಿಂದ ಎಳೆದು ಇಳಿಸಿಕೊಂಡಳು. ಬಿಳಿಯ ಮೇಲೆ ಕಾಲಿಡದೆ, ಗೋಡೆಯ ಪಕ್ಕದಿಂದ ಬಾಗಿಲಿಗೆ ಹೋದಳು. ಮೆಟ್ಟಿಲು ಅರವತ್ತೆರಡು. ಅವತ್ತು ಮೊದಲ ಸಲ ಅವುಗಳ ಮೇಲೆ ಏನು ಬಿದ್ದಿದೆ ಎಂದು ನೋಡದೆ ಇಳಿದಳು.